ಕಾಲರ್ ಲೈನ್

ಪ್ರಪಂಚದಲ್ಲಿ ಎರಡೇ ಬಗೆಯ ಗಂಡಸರಿದ್ದಾರೆ ಎಂದು ನನ್ನ ಅಪ್ಪ ನಂಬಿದ್ದರು. ಇಡೀ ಅಂಗಿ ಹೊಲಿಯಬಲ್ಲವರು ಮತ್ತು ಉಳಿದವರು. ಉಳಿದವರಲ್ಲಿ ವಕೀಲರು, ಮಾಸ್ಟ್ರುಗಳು, ಗದ್ದೆ ತೋಟಗಳಿದ್ದ ದೊಡ್ಡ ಮನೆಯವರು, ಬಂಟ್ವಾಳಕ್ಕೆ ವರ್ಗವಾಗಿ ಬರುತ್ತಿದ್ದ ತಹಶೀಲ್ದಾರರು ಎಲ್ಲರೂ ಸೇರಿದ್ದರು. ಅವರ ಮೇಲೆ ಅಪ್ಪನಿಗೆ ಸಿಟ್ಟೇನೂ ಇರಲಿಲ್ಲ. ಪಾಪ, ಅವರಿಗೆ ಬರುವುದಿಲ್ಲ, ಹೊಲಿದು ಕೊಡೋಣ ಎಂಬಂತೆ ಇದ್ದರು. ಸಿಟ್ಟಿದ್ದದ್ದು ಟೈಲರ್ ಎಂದು ಬೋರ್ಡು ಹಾಕಿಕೊಂಡು ಅರ್ಧ ಕೆಲಸ ಮಾತ್ರ ಕಲಿತವರ ಮೇಲೆ. ಅವರನ್ನು ಅಪ್ಪ ಎರಡರಲ್ಲಿ ಯಾವ ಬಗೆಗೂ ಸೇರಿಸುತ್ತಿರಲಿಲ್ಲ.

ಬಂಟ್ವಾಳ ಪೇಟೆಯಲ್ಲಿ ನಮ್ಮ ಅಂಗಡಿ ಇತ್ತು, ಅಂಗಡಿಯ ಹಿಂದೆಯೇ ಮನೆ. ಅಂಗಡಿಯಲ್ಲಿ ಕತ್ತರಿಸುವ ಮೇಜು ಒಂದು, ಮಿಷನ್ ಎರಡು. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಪಾಣೆಮಂಗಳೂರಿನಿಂದ ನಡೆದು ಬರುತ್ತಿದ್ದ ಒಬ್ಬ ಹಿರಿಯ ಟೈಲರ್. ಅಪ್ಪ ಬಟ್ಟೆ ಕತ್ತರಿಸುತ್ತಿದ್ದರು, ಕಾಲರ್ ಹೊಲಿಯುತ್ತಿದ್ದರು, ತೋಳು ಜೋಡಿಸುತ್ತಿದ್ದರು. ಉದ್ದ ಹೊಲಿಗೆಗಳೆಲ್ಲ ಹಿರಿಯ ಟೈಲರಿಗೆ. ಆಮೇಲೆ ಅಂಗಿ ಪರದೆ ದಾಟಿ ಮನೆಯೊಳಗೆ ಬರುತ್ತಿತ್ತು. ಅಲ್ಲಿ ನಾನು ಕಾಜ ಮಾಡುತ್ತಿದ್ದೆ. ಗುಂಡಿ ತೂರುವ ಜಾಗವನ್ನು ಸೀಳಿ, ಆ ಸೀಳು ಬಿಚ್ಚಿಹೋಗದ ಹಾಗೆ ಸುತ್ತ ದಾರ ಹಾಕುವ ಕೆಲಸ ಅದು. ಅಂಗಿಯೊಂದಕ್ಕೆ ಏಳು, ತುಂಬುತೋಳಾದರೆ ಒಂಬತ್ತು. ಎಂಟನೇ ಕ್ಲಾಸು ಮುಗಿಸಿದ ವರ್ಷ ಸೂಜಿ ಹಿಡಿದೆ. ಕಾಜ ಆದ ಮೇಲೆ ಗುಂಡಿ, ಗುಂಡಿ ಆದ ಮೇಲೆ ಅಮ್ಮನ ಕೈಗೆ. ಅಮ್ಮ ತೆಂಗಿನ ಗೆರಟೆಯ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯಿಂದ ಉಜ್ಜಿ ಮಡಚಿ ಮತ್ತೆ ಪರದೆಯಾಚೆ ಕೊಡುತ್ತಿದ್ದರು. ಗಿರಾಕಿ ಬಂದಾಗ ಅಪ್ಪ ಅದನ್ನು ಮೇಜಿನ ಮೇಲಿಟ್ಟು, "ನೂಲಿನಿಂದ ಗುಂಡಿಯವರೆಗೆ ನನ್ನ ಕೈಯದ್ದು" ಎನ್ನುತ್ತಿದ್ದರು. ಅವರು ಸುಳ್ಳು ಹೇಳುವವರಲ್ಲ. ಹಾಗೆಂದೇ ಅವರಿಗೆ ಅನಿಸಿತ್ತು.

ನನಗೆ ಇಪ್ಪತ್ತೆರಡಾದಾಗ ಮೂಡಬಿದ್ರಿಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಸ್ವಂತ ಅಂಗಡಿ, ಪ್ಯಾಂಟು ಹೊಲಿಯುವುದರಲ್ಲಿ ಒಳ್ಳೆಯ ಹೆಸರು. ಅಪ್ಪ ಬಸ್ಸು ಹತ್ತಿ ಹೋಗಿ ನೋಡಿ ಬಂದರು. ಮುಖ ಸಪ್ಪಗಿತ್ತು. ಆ ಹುಡುಗ ಅಂಗಿ ಹೊಲಿಯುವುದಿಲ್ಲವಂತೆ. "ಸೊಂಟದಿಂದ ಕೆಳಗೆ ಮಾತ್ರ ಬರುವವನಿಗೆ ಮಗಳನ್ನು ಹೇಗೆ ಕೊಡುವುದು?" ಎಂದು ಎಲ್ಲರೆದುರು ಕೇಳಿದರು. ಅಮ್ಮ ಏನೋ ನೆನಪಾದವರಂತೆ ಅಡುಗೆಮನೆಗೆ ಹೋದರು. ಅದಾದ ಮೇಲೆ ಪುತ್ತೂರಿನಿಂದ ಒಬ್ಬರು ಕೇಳಿದರು, ಅವರು ರವಿಕೆ ಮಾತ್ರ ಹೊಲಿಯುವವರು. ಅಪ್ಪ ನೋಡಲೂ ಹೋಗಲಿಲ್ಲ.

ಹೀಗೆ ಸಂಬಂಧ ತರುತ್ತಿದ್ದವರು ನನ್ನ ಸೋದರಮಾವ. ಅವರು ಬಿ.ಸಿ.ರೋಡಿನಲ್ಲಿ ಬಸ್ ಏಜೆಂಟ್. ಯಾವ ಬಸ್ಸು ಯಾವಾಗ ಬರುತ್ತದೆ, ಯಾಕೆ ಬರಲಿಲ್ಲ ಎಂದು ಜನರಿಗೆ ಹೇಳುವುದು ಅವರ ಉದ್ಯೋಗ. ಗೊತ್ತಿಲ್ಲ ಎಂಬ ಮಾತು ಆ ಉದ್ಯೋಗದಲ್ಲಿ ನಡೆಯುವುದಿಲ್ಲವಾದ್ದರಿಂದ ಅವರು ಅದನ್ನು ಮನೆಯಲ್ಲೂ ಬಿಟ್ಟಿದ್ದರು. ಅಪ್ಪ ಅವರಿಗೆ ಖಡಾಖಂಡಿತವಾಗಿ ಹೇಳಿದರು. "ಭಾವ, ಜಾಗ ಬೇಡ, ಬಂಗಾರ ಬೇಡ. ಹುಡುಗನಿಗೆ ಇಡೀ ಅಂಗಿ ಬರಬೇಕು. ಅದಿಲ್ಲದಿದ್ದರೆ ನನ್ನ ಹತ್ತಿರ ಮಾತು ತೆಗೆಯಬೇಡಿ."

ಮರುವರ್ಷ ಮಾವ ತಂದದ್ದು ಬೆಳ್ತಂಗಡಿಯ ಹತ್ತಿರದ ಲಾಯಿಲದ ಸಂಬಂಧ. ಹುಡುಗ ಆಫ್ರಿಕದ ಮೊಂಬಾಸದಲ್ಲಿ ಟೈಲರ್.

ಲಾಯಿಲದವರನ್ನು, ಅಂದರೆ ಆ ಹುಡುಗನನ್ನು, ನಾನು ಮೊದಲೇ ನೋಡಿದ್ದೆ. ಆಫ್ರಿಕಕ್ಕೆ ಹೊರಡುವ ಮುಂಚೆ ಅವರು ನಮ್ಮಲ್ಲಿ ಎರಡು ಅಂಗಿ ಹೊಲಿಸಿದ್ದರು. ತೆಗೆದುಕೊಂಡು ಹೋಗಲು ಬಂದ ದಿನ ಅಂಗಿಯನ್ನು ಮೈಮೇಲೆ ಹಿಡಿದು ನೋಡಲಿಲ್ಲ. ಗುಂಡಿಪಟ್ಟಿಯನ್ನು ಮಗುಚಿ, ಕಾಜದ ಹಿಂಬದಿ ನೋಡಿದರು. ಒಂದಾದ ಮೇಲೊಂದು ಎಲ್ಲ ಕಾಜಗಳನ್ನೂ ನೋಡಿ, "ಇದು ಯಾರು ಮಾಡಿದ್ದು?" ಎಂದು ಕೇಳಿದರು. ಅಪ್ಪ "ನಮ್ಮ ಅಂಗಡಿಯದ್ದು" ಎಂದರು. ಪರದೆಯ ಹಿಂದೆ ನನ್ನ ಸೂಜಿ ಹಾಗೇ ನಿಂತಿತು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆವತ್ತು ಪರದೆಯ ಸಂದಿಯಲ್ಲಿ ಅವರ ಮುಖ ಅರ್ಧ ಕಂಡಿತ್ತು. ಉಳಿದರ್ಧ ಹೇಗಿದ್ದರೂ ಪರವಾಗಿಲ್ಲ ಎಂದು ಅಂದುಕೊಂಡೆ. ಸಂಬಂಧ ಬಂದಾಗ ನನಗೆ ಆ ಮದುವೆ ಬೇಕೇ ಬೇಕು ಎನಿಸಿತು. ಬೇಕು ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ.

ಒಂದು ತಿಂಗಳಲ್ಲಿ ಅಪ್ಪನ ಹೆಸರಿಗೆ ಮೊಂಬಾಸದಿಂದ ನೀಲಿ ಕಾಗದ ಬಂತು. ಮಾವ ಅಂಗಡಿಯಲ್ಲಿ ನಿಂತು ದೊಡ್ಡ ಸ್ವರದಲ್ಲಿ ಓದಿದರು. ಮನೆಯಲ್ಲಿ ನಾವು ಆಡುವುದು ತುಳು, ಕಾಗದ ಬರೆಯುವುದು ಕನ್ನಡದಲ್ಲಿ. ಹಾಗಾಗಿ ಯಾರ ಕಾಗದವಾದರೂ ಪಾಠದ ಪುಸ್ತಕದ ಹಾಗೆ ಕೇಳಿಸುತ್ತಿತ್ತು. "ತೀರ್ಥರೂಪ ಸಮಾನರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಸದ್ಯ ಕಾಲರ್ ಲೈನಿನಲ್ಲಿದ್ದೇನೆ. ನಮ್ಮ ಲೈನಿನಲ್ಲಿ ಹನ್ನೆರಡು ಮಿಷನುಗಳಿವೆ. ಸೆಕೆ ನಮ್ಮ ಊರಿನಷ್ಟೇ ಉಂಟು."

"ಕಾಲರ್ ಲೈನ್ ಅಂದರೆ ಎಂತ?" ಎಂದು ಅಪ್ಪ ಕೇಳಿದರು.

ಆ ಕಾಲದಲ್ಲಿ ನಮ್ಮ ಕಡೆ ಲೈನ್ ಎಂದರೆ ಬಸ್ಸು ಓಡುವ ದಾರಿ. ಬೆಳ್ತಂಗಡಿ ಲೈನ್, ಮೂಡಬಿದ್ರಿ ಲೈನ್, ಪುತ್ತೂರು ಲೈನ್. ಮಾವನಿಗೆ ಇದರಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. "ಕಾಲರ್ ಅಂತ ಒಂದು ಊರು ಭಾವ. ಆ ಲೈನಿನಲ್ಲಿ ಅಂಗಡಿ" ಎಂದರು.

"ಕಾಲರ್ ಅಂದರೆ ಅಂಗಿಯದ್ದಲ್ಲವಾ?"

"ಮಾಣಿ ಅಂತ ಊರು ಇಲ್ಲವಾ ನಮ್ಮಲ್ಲಿ? ಅಲ್ಲಿ ಹೋಟ್ಲಿನಲ್ಲಿ ಕೂತು ಮಾಣಿ ಅಂತ ಕರೆದರೆ ಊರು ಬರ್ತದಾ? ಮೈಸೂರು ಸೀಮೆಯಲ್ಲಿ ಕೋಲಾರ ಉಂಟು. ಹಾಗೆ ಆಫ್ರಿಕದಲ್ಲಿ ಕಾಲರ್."

ಕೋಲಾರದ ಮಾತು ಅಪ್ಪನಿಗೆ ಹಿಡಿಸಿತು. ಹನ್ನೆರಡು ಮಿಷನ್ ಇರುವ ಲೈನ್ ಅಂದರೆ ಪೇಟೆ ಚೆನ್ನಾಗಿಯೇ ಇರಬೇಕು ಎಂದರು. ಪರದೆಯ ಹಿಂದೆ ಕೂತ ನನಗೆ ಮಾತ್ರ ಒಂದೇ ಕ್ಷಣದಲ್ಲಿ ವಿಷಯ ಅರ್ಥವಾಯಿತು. ಹನ್ನೆರಡು ಜನ ಸಾಲಾಗಿ ಕೂತು ಬರೀ ಕಾಲರ್ ಹೊಲಿಯುತ್ತಾರೆ. ನಾನು ಒಬ್ಬಳೇ ಸಾಲಾಗಿ ಕೂತು ಬರೀ ಕಾಜ ಮಾಡುವ ಹಾಗೆ. ಪರದೆ ಸರಿಸಿ, ಅದು ಊರಲ್ಲ ಎಂದು ಹೇಳಬೇಕಿತ್ತು. ಹೇಳಿದರೆ ಲಾಯಿಲದವರೂ ಮೂಡಬಿದ್ರಿಯವನ ಜೊತೆ ಬೇಡವಾದವರ ಸಾಲಿಗೆ ಸೇರುತ್ತಿದ್ದರು. ನಾನು ದಾರ ಪೋಣಿಸಿಕೊಂಡು ಸುಮ್ಮನೆ ಕೂತೆ.

ಆಮೇಲಿನ ಕಾಗದಗಳನ್ನು ಓದುವ ಕೆಲಸ ನನಗೇ ಬಂತು. ಮಾವನಿಗೆ ಬಸ್ಸುಗಳಿದ್ದವು. ಅಪ್ಪನಿಗೆ ಓದಲು ಬರುತ್ತಿತ್ತು, ಆದರೆ ಕಣ್ಣನ್ನು ಹೊಲಿಗೆಗೆ ಮಾತ್ರ ಖರ್ಚು ಮಾಡುವುದು ಅವರ ಕ್ರಮ. ಅವರು ಈಚೆ ಮಿಷನ್ ತುಳಿಯುತ್ತ ಕೇಳುತ್ತಿದ್ದರು, ನಾನು ಪರದೆಯಾಚೆ ಓದುತ್ತಿದ್ದೆ. ಅಂಗಿ ಅಲ್ಲಿ ಹೇಗೆ ತಯಾರಾಗುತ್ತದೆ ಎಂದು ಅಪ್ಪ ಕೇಳಿದ್ದರು. ಲಾಯಿಲದವರು ಒಂದು ಕಾಗದಕ್ಕೆ ಒಂದು ಹಂತದಂತೆ ಬರೆದರು.

ಅಲ್ಲಿ ಅಂಗಿ ಮೊದಲು ಕಾಗದದಲ್ಲಿ ಹುಟ್ಟುತ್ತದಂತೆ. ಒಬ್ಬ ಬಿಳಿಯ ಮನುಷ್ಯ ಮೂರು ತಿಂಗಳಿಗೊಮ್ಮೆ ಬಂದು, ಕಾಲರಿನ ತುದಿ ಈ ಸಲ ಎಷ್ಟು ಚೂಪಿರಬೇಕು, ಜೇಬು ಒಂದಿರಬೇಕೋ ಎರಡೋ ಎಂದು ಚಿತ್ರ ಬರೆದು ಕೊಟ್ಟು ಹೋಗುತ್ತಾನೆ. ಅವನಿಗೆ ಹೊಲಿಗೆ ಬರುವುದಿಲ್ಲ. ಅಪ್ಪ ಮಿಷನ್ ನಿಲ್ಲಿಸಿ, "ಬರುವುದೇ ಇಲ್ಲವಾ?" ಎಂದರು. ಇಲ್ಲವಂತೆ ಎಂದೆ. ಆ ಚಿತ್ರ ನೋಡಿಕೊಂಡು ಇನ್ನೊಬ್ಬ ದಪ್ಪ ರಟ್ಟಿನಲ್ಲಿ ಅಂಗಿಯ ಒಂದೊಂದು ತುಂಡನ್ನೂ ಕತ್ತರಿಸಿ ಇಡುತ್ತಾನೆ. ಒಂದು ಅಂಗಿ ಹೊಲಿದು ಬೊಂಬೆಗೆ ತೊಡಿಸಿ ನೋಡುತ್ತಾರೆ. ಬೊಂಬೆಗೆ ತಲೆ ಇಲ್ಲ.

"ಗಿರಾಕಿಯ ಅಳತೆ ಯಾರು ತೆಗೆಯುವುದು?"

ಈ ಪ್ರಶ್ನೆಯನ್ನು ನಾನು ಬರೆದು ಹಾಕಿದೆ. ಇಪ್ಪತ್ತೈದು ದಿನಗಳಲ್ಲಿ ಉತ್ತರ ಬಂತು. ಯಾರೂ ತೆಗೆಯುವುದಿಲ್ಲ. ಗಿರಾಕಿ ಯಾರೆಂದು ಯಾರಿಗೂ ಗೊತ್ತಿಲ್ಲ. ಕುತ್ತಿಗೆಯ ಲೆಕ್ಕದಲ್ಲಿ ಹದಿನಾಲ್ಕು, ಹದಿನೈದು, ಹದಿನಾರು ಇಂಚು ಎಂದು ಹೊಲಿಯುತ್ತಾರೆ. ಹದಿನೈದೇ ಜಾಸ್ತಿ.

"ಹದಿನೈದು ಅಂದರೆ ಯಾರು?" ಎಂದರು ಅಪ್ಪ.

ಯಾರೂ ಅಲ್ಲವಂತೆ ಎಂದು ಹೇಳಿದ್ದು ಅವರಿಗೆ ಸಮಾಧಾನ ತರಲಿಲ್ಲ. ಅಪ್ಪ ಯಾರನ್ನೂ ಹೊಟ್ಟೆ ಇಲ್ಲದೆ, ಗೂನು ಇಲ್ಲದೆ, ಎಡಭುಜ ಸ್ವಲ್ಪ ಇಳಿದಿರದೆ ಕಂಡವರೇ ಅಲ್ಲ. ಒಂದು ವಾರ ಅಳತೆಗೆ ಬಂದ ಎಲ್ಲರ ಕುತ್ತಿಗೆಯನ್ನೂ ಅದೇ ದೃಷ್ಟಿಯಿಂದ ನೋಡಿದರು. ಕೊನೆಗೆ ಪೋಸ್ಟಾಫೀಸಿನ ಗುಮಾಸ್ತರೊಬ್ಬರು ಸರಿಯಾಗಿ ಹದಿನೈದಕ್ಕೆ ಬಂದರು. ಅಪ್ಪ ಅವರನ್ನು ಕುಳ್ಳಿರಿಸಿ ಬೆಲ್ಲ ನೀರು ತರಿಸಿ ಕೊಟ್ಟು, ಆಫ್ರಿಕದಲ್ಲಿ ನಿಮಗೇ ಹೊಲಿಯುತ್ತಿದ್ದಾರೆ ಎಂದು ತಿಳಿಸಿದರು. ಗುಮಾಸ್ತರು ನೀರು ಕುಡಿದು ಹೋದರು.

ಮುಂದಿನ ಕಾಗದದಲ್ಲಿ ಕತ್ತರಿಸುವ ವಿಷಯ. ಜಪಾನಿನಿಂದ ಹಡಗಿನಲ್ಲಿ ಬಂದ ಪಾಪ್ಲಿನ್ ಬಟ್ಟೆಯ ಥಾನುಗಳನ್ನು ಉದ್ದ ಮೇಜಿನ ಮೇಲೆ ಒಂದರ ಮೇಲೊಂದು ಅರವತ್ತು ಪದರ ಹಾಸುತ್ತಾರೆ. ಮೇಲಿನ ಪದರದಲ್ಲಿ ರಟ್ಟಿಟ್ಟು ಗುರುತು ಹಾಕಿ, ಕರೆಂಟಿನಿಂದ ಓಡುವ ಕತ್ತಿಯಿಂದ ಒಮ್ಮೆಲೇ ಕತ್ತರಿಸುತ್ತಾರೆ. ಅಪ್ಪ ತಮ್ಮ ಕತ್ತರಿಯನ್ನು ಮೇಜಿನ ಮೇಲಿಟ್ಟರು. "ಕೈ ತಪ್ಪಿದರೆ?" ಎಂದರು. ಅದೂ ಕಾಗದದಲ್ಲೇ ಇತ್ತು. ತಪ್ಪಿದರೆ ಅರವತ್ತೂ ತಪ್ಪುತ್ತದೆ, ಆದರೆ ಅರವತ್ತೂ ಒಂದೇ ರೀತಿ ತಪ್ಪುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹಿರಿಯ ಟೈಲರ್ ಅಪರೂಪಕ್ಕೆ ಬಾಯಿಬಿಟ್ಟು, "ಅದು ಒಳ್ಳೆಯದುಂಟು" ಎಂದರು.

ಕತ್ತರಿಸಿದ ತುಂಡುಗಳನ್ನು ನಂಬರು ಚೀಟಿ ಅಂಟಿಸಿ ಕಟ್ಟು ಕಟ್ಟುತ್ತಾರೆ. ಕಟ್ಟುಗಳು ಲೈನಿಗೆ ಹೋಗುತ್ತವೆ. ಇಲ್ಲಿಂದ ನನ್ನ ಕಷ್ಟ ಶುರುವಾಯಿತು. "ಮುಂದಿನ ವರ್ಷ ನನ್ನನ್ನು ಕಫ್ ಲೈನಿಗೆ ಹಾಕಬಹುದು" ಎಂದು ಅವರು ಬರೆದಿದ್ದರು. ಕಫ್ ಎಂದರೆ ತೋಳಿನ ತುದಿಯ ಪಟ್ಟಿ. ಕಾಲರ್ ಎಂಬುದೊಂದು ಊರಾಗಬಹುದು. ಪಕ್ಕದಲ್ಲೇ ಕಫ್ ಎಂಬ ಇನ್ನೊಂದು ಊರೂ ಇದ್ದರೆ, ಮಾವ ಎಷ್ಟು ದೊಡ್ಡ ಸ್ವರದಲ್ಲಿ ಹೇಳಿದರೂ ಅಪ್ಪ ನಂಬಲಾರರು. ನಾನು ಕಫ್ ಬಿಟ್ಟೆ. ತೋಳಿನ ಲೈನನ್ನೂ ಬಿಟ್ಟೆ. ಕಾಗದ ಚಿಕ್ಕದಾಯಿತಲ್ಲ ಎಂದು ಅಪ್ಪ ಕೇಳಿದಾಗ, ಅಲ್ಲಿ ಮಳೆಗಾಲವಂತೆ ಎಂದೆ.

ಕಾಜದ ವಿಷಯವನ್ನು ಮಾತ್ರ ಬಿಡಲಿಲ್ಲ. ಅದಕ್ಕೂ ಅಲ್ಲಿ ಮಿಷನ್ ಉಂಟಂತೆ. ಬಟ್ಟೆ ಇಟ್ಟು ಕಾಲಿನಿಂದ ಒತ್ತಿದರೆ ದಾರ ಸುತ್ತಿ, ನಡುವೆ ಸೀಳಿಯೂ ಕೊಡುತ್ತದೆ, ನಾನು ಸೂಜಿಗೆ ದಾರ ಪೋಣಿಸುವಷ್ಟು ಹೊತ್ತಿನಲ್ಲಿ. ಓದುವಾಗ ನನ್ನ ಸ್ವರ ಸ್ವಲ್ಪ ಬಿದ್ದಿರಬೇಕು. ಅದರ ಕೆಳಗೆ ಇನ್ನೊಂದು ಸಾಲಿತ್ತು. "ಆದರೆ ಆ ಕಾಜದ ಹಿಂಬದಿಯನ್ನು ನೋಡುವ ಹಾಗಿಲ್ಲ." ಆ ಸಾಲನ್ನು ಅಪ್ಪನಿಗೆ ಒಮ್ಮೆ ಓದಿದೆ. ಆಮೇಲೆ ನನಗೆ ಬೇಕಾದಷ್ಟು ಸಲ ಓದಿಕೊಂಡೆ.

ಸುಮಾರು ಒಂದು ವರ್ಷ ಹೀಗೆ ನಡೆಯಿತು. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಕಾಲರ್ ಊರಿನ ಸುದ್ದಿ ಹೇಳತೊಡಗಿದರು. ನಿಶ್ಚಯಕ್ಕೆ ದಿನ ನೋಡುವ ಎಂದು ಮಾವ ಒತ್ತಾಯ ಮಾಡುತ್ತಿದ್ದರು. ಆಗ ಲಾಯಿಲದವರು, ಊರಿಗೆ ಬರುತ್ತಿದ್ದ ಯಾರದೋ ಕೈಯಲ್ಲಿ, ತಮ್ಮ ಕಾರ್ಖಾನೆಯ ಒಂದು ಅಂಗಿಯನ್ನು ಅಪ್ಪನಿಗೆ ಉಡುಗೊರೆ ಕಳಿಸಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದು.

ರಟ್ಟಿನ ಮೇಲೆ ಮಡಚಿ, ಸುತ್ತ ಗುಂಡುಸೂಜಿ ಚುಚ್ಚಿ, ಹೊರಗೆ ಗಾಜಿನಂತಹ ಕಾಗದ ಸುತ್ತಿದ ಬಿಳಿ ಅಂಗಿ. ಅಪ್ಪ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿಕೊಂಡರು. ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ಬೆಳಕಿಗೆ ಹಿಡಿದರು. ಟೈಲರನೊಬ್ಬ ಇನ್ನೊಬ್ಬನ ಹೊಲಿಗೆಯನ್ನು ನೋಡುವಾಗ ಮಾತಾಡಬಾರದು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪ ಭುಜ ನೋಡಿದರು, ತೋಳು ನೋಡಿದರು, ಪಕ್ಕದ ಹೊಲಿಗೆಯನ್ನು ಉಗುರಿನಿಂದ ಎಣಿಸುತ್ತ ಕೆಳಗಿನವರೆಗೂ ಬಂದರು. ಜೇಬಿನ ಹತ್ತಿರ ನಂಬರಿನ ಸಣ್ಣ ಚೀಟಿಯೊಂದು ಅಂಟಿಕೊಂಡಿತ್ತು. ಅದನ್ನು ಕಿತ್ತು ಮೇಜಿನ ಮೇಲಿಟ್ಟರು.

"ಮಗಾ, ಇಲ್ಲಿ ಬಾ" ಎಂದು ಕರೆದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹೋದೆ.

"ಈ ಅಂಗಿಯಲ್ಲಿ ಎಂಟು ಜನ ಇದ್ದಾರೆ" ಎಂದರು. "ತೋಳು ಜೋಡಿಸಿದವನಿಗೆ ಮನೆಗೆ ಹೋಗುವ ಅವಸರ. ಪಕ್ಕ ಹೊಲಿದದ್ದು ಹೆಂಗಸು ಇರಬೇಕು, ದಾರ ಉಳಿಸಿದ್ದಾಳೆ. ಕಫಿನವನಿಗೆ ಕಣ್ಣು ಮಂದ. ಕಾಲರ್ ಮಾತ್ರ ಲಾಯ್ಕುಂಟು. ಇದರಲ್ಲಿ ನಮ್ಮ ಹುಡುಗ ಯಾವುದು?"

"ಕಾಲರ್" ಎಂದೆ.

"ಕಾಲರ್ ಊರಲ್ಲವಾ?"

"ಅಲ್ಲ."

"ನಿನಗೆ ಯಾವಾಗ ಗೊತ್ತಾಯಿತು?"

"ಮೊದಲ ಕಾಗದದಲ್ಲೇ."

ಅಪ್ಪ ಬೈಯಲಿಲ್ಲ. ಎಲ್ಲ ಕಾಗದಗಳನ್ನೂ ತರಿಸಿ, ಮತ್ತೆ ಮೊದಲಿನಿಂದ, ಏನೂ ಬಿಡದೆ ಓದಲು ಹೇಳಿದರು. ಎರಡು ಮಧ್ಯಾಹ್ನ ಓದಿದೆ. ಕಫ್ ಬಂದಾಗ ಹೂಂ ಎಂದರು, ತೋಳು ಬಂದಾಗ ಹೂಂ ಎಂದರು. ಆ ಎರಡು ಮಧ್ಯಾಹ್ನಗಳಲ್ಲಿ ನನಗಾದ ನಾಚಿಕೆಯನ್ನು ಈಗಲೂ ನೆನೆಸಿಕೊಳ್ಳಲು ಇಷ್ಟವಿಲ್ಲ. ಓದಿ ಮುಗಿದ ಮೇಲೆ ಹೇಳಿದರು, "ಬರುವ ತಿಂಗಳು ಅವನು ರಜೆಯಲ್ಲಿ ಬರ್ತಾನಲ್ಲ, ಬರಲಿ. ಎರಡೂವರೆ ಗಜ ಬಟ್ಟೆ ಕೊಡ್ತೇನೆ. ಅಂಗಿ ಹೊಲಿದರೆ ಮದುವೆ. ಇಲ್ಲದಿದ್ದರೆ ಇಲ್ಲ."

ಅವರು ಬಂದರು. ಬೆಳಗ್ಗಿನ ಬೆಳ್ತಂಗಡಿ ಬಸ್ಸಿನಲ್ಲಿ ಬಂದು ಇಳಿದರು ಎಂದು ಮಾವ ಮುಂಚಿತವಾಗಿ ಓಡಿ ಬಂದು ತಿಳಿಸಿದರು. ಪರದೆಯ ಸಂದಿಯಿಂದ ಈ ಸಲ ಇಡೀ ಮುಖ ಕಂಡಿತು. ಸ್ವಲ್ಪ ಕಪ್ಪಾಗಿದ್ದರು, ಕೂದಲು ಸ್ವಲ್ಪ ಹೋಗಿತ್ತು. ಕಾಫಿ ಆಯಿತು. ಅಪ್ಪ ಮೇಜಿನ ಮೇಲೆ ಬಿಳಿ ಪಾಪ್ಲಿನ್, ಟೇಪು, ಚಾಕು ಅಂದರೆ ಗುರುತು ಹಾಕುವ ಸೀಮೆಸುಣ್ಣ, ಕತ್ತರಿ ಎಲ್ಲವನ್ನೂ ಸಾಲಾಗಿಟ್ಟರು. "ನನಗೊಂದು ಅಂಗಿ ಹೊಲಿಯಿರಿ" ಎಂದರು.

ಅವರು ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕತ್ತರಿಯನ್ನು ಮುಟ್ಟಲಿಲ್ಲ. "ನನಗೆ ಕತ್ತರಿಸಲಿಕ್ಕೆ ಬರುವುದಿಲ್ಲ" ಎಂದರು. ಬಸ್ಸು ಹತ್ತು ನಿಮಿಷ ತಡವಾಯಿತು ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದರು. "ನಾಲ್ಕು ವರ್ಷದಿಂದ ಕಾಲರ್ ಮಾತ್ರ. ಕಾಲರ್ ಮಾಡಿಕೊಡ್ತೇನೆ."

ಅಪ್ಪ ಕಾಲರಿನ ತುಂಡುಗಳನ್ನು ಕತ್ತರಿಸಿ, ಒಳಗೆ ಇಡುವ ದಪ್ಪ ಬಟ್ಟೆಯೊಂದಿಗೆ ಕೊಟ್ಟರು. ಅವರು ಅಪ್ಪನ ಮಿಷನಿನಲ್ಲೇ ಕೂತರು. ಆ ಸೀಟಿನಲ್ಲಿ ಅಪ್ಪನ ಹೊರತು ಬೇರೆಯವರು ಕೂತದ್ದನ್ನು ನಾನು ಕಂಡಿರಲಿಲ್ಲ. ಎರಡು ಸಲ ಸುಮ್ಮನೆ ತುಳಿದು ಮಿಷನಿನ ಗುಣ ನೋಡಿಕೊಂಡರು. ಆಮೇಲೆ ಮಾವ ಒಂದು ಎಲೆ ಅಡಿಕೆ ಹಾಕಿ ಮುಗಿಸುವಷ್ಟರಲ್ಲಿ ಕಾಲರ್ ಆಗಿತ್ತು. ನೋಡಿಕೊಂಡು ಹೊಲಿಯಲೂ ಇಲ್ಲ. ಕಣ್ಣು ಹೊರಗೆ ರಸ್ತೆಯ ಮೇಲಿತ್ತು, ಕೈ ತನ್ನಷ್ಟಕ್ಕೆ ತಿರುಗುತ್ತಿತ್ತು. ತುದಿಗಳನ್ನು ಕಡ್ಡಿಯಿಂದ ಎತ್ತಿ, ಮಗುಚಿ, ಉಗುರಿನಿಂದ ಒತ್ತಿ ಅಪ್ಪನಿಗೆ ಕೊಟ್ಟರು.

ಅಪ್ಪ ಅದನ್ನು ಎರಡಾಗಿ ಮಡಚಿ ತುದಿಗೆ ತುದಿ ಕೂಡಿಸಿದರು. ಹಿಂದೆ ನೋಡಿದರು, ಮುಂದೆ ನೋಡಿದರು. ಹಿರಿಯ ಟೈಲರಿಗೆ ಕೊಟ್ಟರು. ಅವರೂ ನೋಡಿ ವಾಪಸು ಕೊಟ್ಟರು. ತಪ್ಪು ಸಿಕ್ಕಿದ್ದರೆ ಅಪ್ಪನಿಗೆ ಸುಲಭವಾಗುತ್ತಿತ್ತು.

"ಇನ್ನು ಅಂಗಿ?" ಎಂದರು.

"ಇಷ್ಟೇ ಬರುವುದು" ಎಂದರು ಅವರು.

ಅಪ್ಪ ಕಾಲರನ್ನು ಮೇಜಿನ ಮೇಲಿಟ್ಟು ಮಾವನ ಕಡೆ ತಿರುಗಿದರು. ಮನೆಗೆ ಬಂದವರೆದುರು ಹಾಗೆ ಮಾತಾಡುವವರಲ್ಲ ಅವರು. ಆದರೆ ಆವತ್ತು ಮಾತಾಡಿದರು. "ಅಲ್ಲ ಮಾರಾಯ, ಒಂದು ಕಾಲರಿಗೆ ನಾನು ಮಗಳನ್ನು ಕೊಡುವುದಾ?"

ಮಾವ ಜೀವನದಲ್ಲಿ ಮೊದಲ ಸಲ ಗೊತ್ತಿಲ್ಲ ಎಂದರು. ಲಾಯಿಲದವರು ಎದ್ದು ಕೊಡೆ ಹುಡುಕಿದರು. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ, ಬೇಸರವಾದದ್ದು ಕಂಡಿತು. ಇನ್ನೊಂದು ನಿಮಿಷದಲ್ಲಿ ಅವರು ಮೆಟ್ಟಿಲು ಇಳಿಯುತ್ತಾರೆ, ಆಮೇಲೆ ನಾನು ಎಂದೂ ಅವರನ್ನು ನೋಡುವುದಿಲ್ಲ ಎಂದು ನನಗೆ ಸ್ಪಷ್ಟವಾಯಿತು. ಪರದೆ ಸರಿಸಿ ಅಂಗಡಿಗೆ ಬಂದೆ. ಗಂಡಸರು ಇರುವಾಗ ನಾನು ಅಲ್ಲಿಗೆ ಬರುವ ಕ್ರಮವಿರಲಿಲ್ಲ. ಕೈಯಲ್ಲಿ ಯಾರದೋ ಅಂಗಿ ಇತ್ತು, ಸೂಜಿ ಅದಕ್ಕೆ ನೇತಾಡುತ್ತಿತ್ತು.

"ಅಪ್ಪ, ಅವರ ಮನೆಯವರೂ ಕೇಳುವುದಿಲ್ಲವಾ?" ಎಂದೆ. "ಒಂದು ಕಾಜಕ್ಕೆ ನಮ್ಮ ಮಗನನ್ನು ಕೊಡುವುದಾ ಅಂತ? ನನಗೂ ಅಷ್ಟೇ ಬರುವುದು. ಹತ್ತು ವರ್ಷದಿಂದ ಅಷ್ಟೇ."

ಅಲ್ಲಿಯವರೆಗೆ ಆ ಮಾತು ನನ್ನೊಳಗೆ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಲಾಯಿಲದವರ ಸಲುವಾಗಿ ಹೇಳಲು ಬಂದವಳು ನನ್ನ ಸಲುವಾಗಿ ಹೇಳಿದ್ದೆ. ಇನ್ನೂ ಏನೇನೋ ಬಾಯಿಗೆ ಬಂತು, ಕತ್ತರಿ ಕೊಡಿ ಎಂದು ಯಾವಾಗಲೋ ಕೇಳಬೇಕಿತ್ತು ಎಂಬುದೆಲ್ಲ. ಅದನ್ನು ಹೇಳಲಿಲ್ಲ.

ಅಪ್ಪ ನನ್ನ ಕೈಯಲ್ಲಿದ್ದ ಅಂಗಿಯನ್ನು ತೆಗೆದುಕೊಂಡು ಕಾಜಗಳನ್ನು ನೋಡಿದರು. "ನಿನಗೆ ಕಲಿಸಬಹುದು ಅಂತ ನನಗೆ ಹೊಳೆಯಲೇ ಇಲ್ಲ" ಎಂದರು. ಬಹಳ ಮೆಲ್ಲಗೆ ಹೇಳಿದರು. ನಾನು ಸಿಟ್ಟಿನಲ್ಲಿದ್ದೆ, ಆದರೆ ಅವರ ಮುಖ ನೋಡಿ ಅಯ್ಯೋ ಎನಿಸಿತು. ಹತ್ತು ವರ್ಷ ಪರದೆಯ ಆಚೆ ಈಚೆ ಇದ್ದು, ನಾನು ಕೇಳಲೂ ಇಲ್ಲ, ಅವರಿಗೆ ಹೊಳೆಯಲೂ ಇಲ್ಲ.

ಲಾಯಿಲದವರು ಕೊಡೆ ಹಿಡಿದುಕೊಂಡು ಬಾಗಿಲಲ್ಲಿದ್ದರು. ಅಪ್ಪ ಅವರ ಕಡೆ ತಿರುಗಿ, "ಎಲ್ಲಿಗೆ ಹೊರಟದ್ದು? ಊಟ ಮಾಡಿ ಹೋಗುವ" ಎಂದರು. ಮಾವ ಉಸಿರು ಬಿಟ್ಟು, ಮಧ್ಯಾಹ್ನದ ಬಸ್ಸು ಹೇಗೂ ತಡವಾಗಿ ಬರುತ್ತದೆ ಎಂದು ಎಲ್ಲರಿಗೂ ತಿಳಿಸಿದರು. ಊಟಕ್ಕೆ ಕೂತಾಗ ಮದುವೆಯ ಮಾತು ಆಯಿತು. ಎರಡು ತಿಂಗಳೊಳಗೆ ಆಗಬೇಕು, ಆಮೇಲೆ ಹಡಗು.

ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಅಪ್ಪ ನನ್ನನ್ನು ಮೇಜಿನ ಹತ್ತಿರ ಕರೆದರು. ಉಳಿದ ಪಾಪ್ಲಿನನ್ನು ಹಾಸಿದ್ದರು. ಗುರುತು ಹಾಕುವುದು ಹೇಗೆ, ಎಲ್ಲಿ ಬಿಡಬೇಕು, ಎಲ್ಲಿ ತಿರುಗಿಸಬೇಕು ಎಂದು ತೋರಿಸಿ ಕತ್ತರಿ ಕೊಟ್ಟರು. ನಾನು ಅಂದುಕೊಂಡದ್ದಕ್ಕಿಂತ ಅದು ಭಾರವಿತ್ತು. ಕಂಕುಳಿನ ಹತ್ತಿರ ಕೈ ಜಾರಿ ಎರಡು ಇಂಚು ಒಳಗೆ ಹೋಯಿತು. ಬಟ್ಟೆ ದಂಡವಾಯಿತು. ಅಪ್ಪ "ಪರವಾಗಿಲ್ಲ" ಎಂದರು.

ಅದು ನನಗೆ ಬಹಳ ನೋವು ಮಾಡಿತು. ಅಪ್ಪನ ಹತ್ತಿರ ಕೆಲಸ ಕಲಿಯಲು ಬಂದ ಯಾರಿಗೂ ಅವರು ಪರವಾಗಿಲ್ಲ ಎಂದವರಲ್ಲ. ಅವರ ಬೈಗುಳ ತಿಂದೇ ಮೂವರು ಟೈಲರುಗಳಾಗಿದ್ದರು, ಒಬ್ಬರು ಬೆಳ್ತಂಗಡಿಯಲ್ಲೇ ಅಂಗಡಿ ಇಟ್ಟಿದ್ದರು. ನನಗೆ ಮಾತ್ರ ಮರುದಿನವೂ ಪರವಾಗಿಲ್ಲ, ಅದರ ಮರುದಿನವೂ ಪರವಾಗಿಲ್ಲ. ಹೋಗುವವಳು, ಹಡಗು ಹತ್ತುವವಳು, ಇವಳಿಗೆ ಈಗ ಬೈದು ಏನು ಪ್ರಯೋಜನ ಎಂದು ಅವರಿಗೆ ಅನಿಸಿರಬೇಕು. ಬಟ್ಟೆ ಹಾಳು ಮಾಡಲು ಬಿಟ್ಟು, ನೆಂಟರ ಮಗುವಿನ ಹತ್ತಿರ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ನಾನು ಒಳಗೆ ಹೋಗಿ ಅತ್ತು ಬರುತ್ತಿದ್ದೆ.

ಮದುವೆಗೆ ಒಂಬತ್ತು ದಿನ ಇತ್ತು. ಹಿಂದಿನ ಎರಡು ಅಂಗಿ ಸುಮಾರಾಗಿ ಬಂದಿದ್ದವು ಎಂದು ಆವತ್ತು ಅಪ್ಪ, ಎದುರಿಗೇ ನಿಂತಿದ್ದ ಗಿರಾಕಿಯ ಬಟ್ಟೆಯನ್ನೇ ನನಗೆ ಕೊಟ್ಟಿದ್ದರು, ನಿಜವಾದ ಅಂಗಿ. ನಾನು ಎರಡನೇ ತೋಳನ್ನು ಉಲ್ಟಾ ಇಟ್ಟು ಗುರುತು ಹಾಕಿ ಕತ್ತರಿ ಎತ್ತಿದೆ. ಅಪ್ಪ ಕೂತಲ್ಲಿಂದಲೇ ಕೂಗಿದರು, "ಕತ್ತೆ, ಕಣ್ಣು ಎಲ್ಲಿ ಇಟ್ಟಿದ್ದೀ? ಎರಡು ಬಲಗೈ ಯಾರಿಗೆ ಉಂಟು ಈ ಊರಿನಲ್ಲಿ? ಎಷ್ಟು ಸಲ ಹೇಳುವುದು ನಿನಗೆ?" ಪೇಟೆಗೆಲ್ಲ ಕೇಳಿತು. ಹಿರಿಯ ಟೈಲರ್ ತಲೆ ತಗ್ಗಿಸಿದರು. ಗಿರಾಕಿ ಗಾಬರಿಯಿಂದ ತನ್ನ ಬಟ್ಟೆಯನ್ನು ನೋಡಿದ.

ನಾನು ತೋಳು ಸರಿಯಾಗಿ ಇಟ್ಟು ಕತ್ತರಿಸಿದೆ. ಆ ದಿನ ನನಗಾದಷ್ಟು ಸಂತೋಷ ಮದುವೆಯ ದಿನ ಆಗಲಿಲ್ಲ. ಇದನ್ನು ಹಡಗಿನಲ್ಲಿ ನನ್ನ ಗಂಡನಿಗೆ ಹೇಳಿದೆ. ಅವರು, ಕಾಲರ್ ಲೈನಿನಲ್ಲಿ ತನಗೆ ಈವರೆಗೆ ಹಾಗೆ ಬೈದು ಕಲಿಸಿದವರು ಯಾರೂ ಇಲ್ಲ ಎಂದರು.